ಮೈಲೇಜ್ ಇಳಿದದ್ದು ಪೆಟ್ರೋಲಿನಿಂದಲೋ, ರಸ್ತೆಯಿಂದಲೋ, ಬಲಗಾಲಿನಿಂದಲೋ?

2025ರ ಆಗಸ್ಟ್‌ನಲ್ಲಿ ಜೋರಾದ ಇ20 ಜಗಳದಲ್ಲಿ ಎರಡೂ ಕಡೆಯವರು ಅಂಕಿಗಳನ್ನು ಹಿಡಿದೇ ಮಾತನಾಡಿದರು. ಇ20 ಎಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಇ10 ಎಂದರೆ ಶೇ 10. ಎಥೆನಾಲ್ ಬೆರೆಸಿದ ಪೆಟ್ರೋಲ್ ಬಂದ ಮೇಲೆ ಮೈಲೇಜ್ ಶೇ 10 ಬಿದ್ದಿದೆ ಎಂದು ಕೆಲವರು, ಶೇ 20 ಬಿದ್ದಿದೆ ಎಂದು ಇನ್ನು ಕೆಲವರು ಜಾಲತಾಣಗಳಲ್ಲಿ ಬರೆದರು. ಕೇಂದ್ರ ಪೆಟ್ರೋಲಿಯಂ ಸಚಿವಾಲಯದ ಉತ್ತರ ಹೀಗಿತ್ತು: ಇ10ಕ್ಕೆ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಇಳಿಕೆ ಶೇ 1ರಿಂದ 2, ಉಳಿದವುಗಳಲ್ಲಿ ಶೇ 3ರಿಂದ 6. ಮೈಲೇಜ್ ಚಾಲನೆಯ ರೀತಿ, ಟೈರಿನ ಗಾಳಿ, ಎಸಿ, ನಿರ್ವಹಣೆ ಎಲ್ಲದರ ಮೇಲೂ ನಿಂತಿದೆ ಎಂಬ ಮಾತನ್ನೂ ಅದು ಸೇರಿಸಿತು. ಎಥೆನಾಲ್ ಇಲ್ಲದ ಪೆಟ್ರೋಲ್ ಕೊಳ್ಳುವ ಆಯ್ಕೆ ಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಅರ್ಜಿ ಮುಗಿಯಿತು, ಅನುಮಾನ ಉಳಿಯಿತು.

ಅದೇ ವರ್ಷ ಇನ್ನೊಂದು ಸುದ್ದಿ ಸದ್ದಿಲ್ಲದೆ ಬಂತು. 2027ರ ಏಪ್ರಿಲ್‌ನಿಂದ ಪ್ರಯಾಣಿಕ ಕಾರುಗಳ ಹೊಗೆ ಪರೀಕ್ಷೆಯನ್ನು ಈಗಿನ ಎಂಐಡಿಸಿ (ಯುರೋಪಿನ ಹಳೆಯ ಪರೀಕ್ಷೆಯ ಭಾರತೀಯ ರೂಪ) ಬದಲು ಡಬ್ಲ್ಯುಎಲ್‌ಟಿಪಿ (ನಿಜವಾದ ಪ್ರಯಾಣಗಳ ದತ್ತಾಂಶದಿಂದ ರೂಪಿಸಿದ ಜಾಗತಿಕ ಪರೀಕ್ಷೆ) ವಿಧಾನದಲ್ಲಿ ಮಾಡಬೇಕೆಂದು ರಸ್ತೆ ಸಾರಿಗೆ ಸಚಿವಾಲಯದ ಕರಡು ಹೇಳಿತು. ಆಗ ಅದೇ ಕಾರಿನ ಕಾಗದದ ಮೇಲಿನ ಮೈಲೇಜೂ ಬದಲಾಗುತ್ತದೆ. ಕಾರು ಬದಲಾಗದೆ ಮೈಲೇಜ್ ಬದಲಾಗುವುದು ಹೇಗೆ?

ಎರಡು ಸುದ್ದಿಗಳ ಹಿಂದೆಯೂ ಇರುವ ಗಂಟು ಒಂದೇ. ಮೈಲೇಜನ್ನು ನಾವು ಕಾರಿನ ಬಣ್ಣದ ಹಾಗೆ, ಉದ್ದದ ಹಾಗೆ, ಕಾರಿಗೇ ಅಂಟಿದ ಗುಣವೆಂದು ಭಾವಿಸುತ್ತೇವೆ. ಅದು ಹಾಗಲ್ಲ. ಕಾರು ಸೆಕೆಂಡಿನಿಂದ ಸೆಕೆಂಡಿಗೆ ಯಾವ ವೇಗದಲ್ಲಿ ಓಡಿತು ಎಂಬ ಗೆರೆ ಕೈಯಲ್ಲಿಲ್ಲದಿದ್ದರೆ ಮೈಲೇಜ್ ಎಂಬ ಅಂಕಿಗೆ ಅರ್ಥವಿಲ್ಲ.

ಇಂಧನದ ಪಾಲು: ಇಲ್ಲಿ ಗೊಂದಲ ಕಡಿಮೆ

ಒಂದು ಲೀಟರ್ ಶುದ್ಧ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದೆ, ಒಂದು ಲೀಟರ್ ಎಥೆನಾಲ್‌ನಲ್ಲಿ ಸುಮಾರು 21. ಹಾಗಾಗಿ ಇ10ರ ಲೀಟರಿನಲ್ಲಿ 30.9, ಇ20ರ ಲೀಟರಿನಲ್ಲಿ 29.8 ಮೆಗಾಜೂಲ್. ಎಥೆನಾಲ್ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ ಇ20ರಲ್ಲಿ ಶಕ್ತಿ ಶೇ 6ರಿಂದ 7 ಕಡಿಮೆ. ಇ10ಕ್ಕೆ ಹೋಲಿಸಿದರೆ ಶೇ 3.5 ಕಡಿಮೆ.

ನೀತಿ ಆಯೋಗದ 2021ರ ಎಥೆನಾಲ್ ಮಾರ್ಗನಕ್ಷೆಯಲ್ಲೂ ಇದೇ ಅಂದಾಜು ಇತ್ತು. ಇ20 ಬಳಸಿದಾಗ ಮೈಲೇಜಿನ ಇಳಿಕೆ, ಇ0ಗೆ (ಎಥೆನಾಲ್ ಇಲ್ಲದ ಪೆಟ್ರೋಲಿಗೆ) ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಿಗೆ ಶೇ 6–7, ದ್ವಿಚಕ್ರಗಳಿಗೆ ಶೇ 3–4, ಇ10ಕ್ಕೆ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದ ಕಾರುಗಳಿಗೆ ಶೇ 1–2. ಕೊನೆಯ ಅಂಕಿ ಶಕ್ತಿಯ ಲೆಕ್ಕಕ್ಕಿಂತ ಚಿಕ್ಕದಾಗಿರುವುದಕ್ಕೆ ಕಾರಣ ಆಕ್ಟೇನ್, ಅಂದರೆ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಇಂಧನದ ಗುಣ. ಎಥೆನಾಲ್ ಆಕ್ಟೇನ್ ಹೆಚ್ಚಿಸುತ್ತದೆ. ಅದನ್ನು ಬಳಸಿಕೊಳ್ಳುವಂತೆ ಹೊಂದಿಸಿದ ಎಂಜಿನ್ ಕಿಡಿಯನ್ನು ತುಸು ಮುಂಚಿತವಾಗಿ ಹಾರಿಸಿ ಕಳೆದುಕೊಂಡದ್ದರಲ್ಲಿ ಒಂದಷ್ಟನ್ನು ವಾಪಸ್ ಪಡೆಯುತ್ತದೆ. ಹಳೆಯ ಎಂಜಿನ್‌ಗೆ ಆ ಅನುಕೂಲ ಇಲ್ಲ.

ಅಂದರೆ ಇಂಧನವೊಂದರಿಂದಲೇ ಶೇ 20 ಇಳಿಯುವುದು ಶಕ್ತಿಯ ಲೆಕ್ಕಕ್ಕೆ ಕೂಡಿಬರುವುದಿಲ್ಲ. ಹಾಗೆಂದು ಶೇ 20 ಇಳಿದಿದೆ ಎಂದವರೆಲ್ಲ ಸುಳ್ಳು ಹೇಳಿದರೆಂದೂ ಅಲ್ಲ. ಅವರ ಟ್ಯಾಂಕಿನಲ್ಲಿ ಅಷ್ಟು ಕಡಿಮೆ ಬಂದಿರಬಹುದು. ಕಾರಣ ಮಾತ್ರ ಬೇರೆಯಾಗಿರಬಹುದು. ಆ ಬೇರೆ ಕಾರಣಗಳು ಎಷ್ಟು ದೊಡ್ಡವು ಎಂಬುದನ್ನು ಅಳೆಯದೆ ಶೇ 3ರ ಬಗ್ಗೆ ಜಗಳ ಆಡುವುದರಲ್ಲಿ ಪ್ರಯೋಜನವಿಲ್ಲ.

ಚಕ್ರದಿಂದ ಶುರುಮಾಡಿದ ಲೆಕ್ಕ

ಚಾಲನೆಯ ರೀತಿಯಿಂದ ಇಂಧನ ಲೆಕ್ಕ ಹಾಕುವ ಮಾದರಿಗಳ ತಳದಲ್ಲಿರುವುದು ಹೈಸ್ಕೂಲಿನ ಭೌತಶಾಸ್ತ್ರ. ಕಾರನ್ನು ಮುಂದೆ ತಳ್ಳಲು ನಾಲ್ಕು ಕಡೆ ಬಲ ಖರ್ಚಾಗುತ್ತದೆ: ಟೈರಿನ ಉರುಳು ಘರ್ಷಣೆ, ಗಾಳಿಯ ತಡೆ, ಏರು, ಮತ್ತು ವೇಗ ಹೆಚ್ಚಿಸಿಕೊಳ್ಳುವುದು.

ಚಾಲಕನೂ ಸೇರಿ 1,100 ಕೆ.ಜಿ. ತೂಗುವ ಒಂದು ಹ್ಯಾಚ್‌ಬ್ಯಾಕ್ ತೆಗೆದುಕೊಳ್ಳೋಣ. ಉರುಳು ಘರ್ಷಣೆಯ ಗುಣಾಂಕ 0.012 ಇದ್ದರೆ ಟೈರಿನ ತಡೆ 130 ನ್ಯೂಟನ್. ಇದು ವೇಗದ ಜತೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆ ಮಾತ್ರ ವೇಗದ ವರ್ಗದಂತೆ ಏರುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತೆಳು ಗಾಳಿಯಲ್ಲಿ ಅದು ಗಂಟೆಗೆ 50 ಕಿ.ಮೀ.ಗೆ 70 ನ್ಯೂಟನ್, 80ಕ್ಕೆ 180, 100ಕ್ಕೆ 285. ಮಂಗಳೂರಿನ ಕಡಲಮಟ್ಟದ ಗಾಳಿಯಲ್ಲಿ ಇದೇ ಅಂಕಿಗಳು ಹತ್ತರಲ್ಲೊಂದು ಪಾಲು ಹೆಚ್ಚು. 50ರಲ್ಲಿ ಒಂದೇ ಸಮ ಓಡಿದರೆ ಒಟ್ಟು ತಡೆ 200 ನ್ಯೂಟನ್, ಅಂದರೆ ಕಿಲೋಮೀಟರಿಗೆ 200 ಕಿಲೋಜೂಲ್.

ಈ ಕಾರು 50ರ ವೇಗದಲ್ಲಿರುವಾಗ ಅದರಲ್ಲಿ ಅಡಗಿರುವ ಚಲನಶಕ್ತಿ 106 ಕಿಲೋಜೂಲ್. ಬ್ರೇಕ್ ಒತ್ತಿ ನಿಲ್ಲಿಸಿದಿರೆಂದರೆ ಅಷ್ಟೂ ಡಿಸ್ಕಿನ ಬಿಸಿಯಾಗಿ ಹೋಗುತ್ತದೆ. 50ರಿಂದ ಒಂದು ಸಲ ನಿಲ್ಲುವುದೆಂದರೆ ಅರ್ಧ ಕಿಲೋಮೀಟರ್ ಓಡುವ ಶಕ್ತಿಯನ್ನು ಚೆಲ್ಲಿದಂತೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ 25ರಿಂದ ನಾಲ್ಕು ಸಲ ನಿಲ್ಲುವುದೂ 50ರಿಂದ ಒಂದು ಸಲ ನಿಲ್ಲುವುದೂ ಸಮ.

ಇದನ್ನು ಪೆಟ್ರೋಲಿಗೆ ಬದಲಿಸಲು ಎರಡು ಅಂಕಿ ಸಾಕು. ಮೊದಲನೆಯದು, ಚಕ್ರಕ್ಕೆ ತಲುಪಿದ ಪ್ರತಿ ಮೆಗಾಜೂಲಿಗೆ ಬೇಕಾಗುವ ಹೆಚ್ಚುವರಿ ಪೆಟ್ರೋಲ್, ಸುಮಾರು 100 ಮಿಲಿಲೀಟರ್. ಎರಡನೆಯದು, ಎಂಜಿನ್ ಸುಮ್ಮನೆ ತಿರುಗುತ್ತಿರಲು ಬೇಕಾದದ್ದು, 1.2 ಲೀಟರ್ ಎಂಜಿನ್‌ಗೆ ಗಂಟೆಗೆ ಸುಮಾರು 0.7 ಲೀಟರ್. ಕಾರು ಓಡಲಿ, ಸಿಗ್ನಲ್‌ನಲ್ಲಿ ನಿಂತಿರಲಿ, ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಎರಡನೆಯದು ಉರಿಯುತ್ತದೆ.

ಈಗ ಮೂರು ಸನ್ನಿವೇಶ. ಕಾರು ಅದೇ, ಪೆಟ್ರೋಲೂ ಅದೇ.

50ರಲ್ಲಿ ಒಂದೇ ಸಮ: ಚಕ್ರಕ್ಕೆ 200 ಕಿಲೋಜೂಲ್, ಅಂದರೆ 20 ಮಿ.ಲೀ. ಒಂದು ಕಿಲೋಮೀಟರಿಗೆ 72 ಸೆಕೆಂಡು, ಅದಕ್ಕೆ 14 ಮಿ.ಲೀ. ಒಟ್ಟು 34. ಲೀಟರಿಗೆ 29 ಕಿ.ಮೀ.

ಬೆಂಗಳೂರಿನ ದಟ್ಟಣೆ, ಸರಾಸರಿ 18 ಕಿ.ಮೀ. ವೇಗ, ಪ್ರತಿ ಕಿಲೋಮೀಟರಿಗೆ ಎರಡು ಸಲ 30ರ ತನಕ ಎದ್ದು ನಿಲ್ಲುವುದು: ಗಾಳಿಯ ತಡೆ ಕಡಿಮೆ, ನಿಲ್ಲುವ ನಷ್ಟ ಹೆಚ್ಚು, ಕೂಡಿಸಿದರೆ ಚಕ್ರಕ್ಕೆ ಮತ್ತೆ ಸುಮಾರು 200 ಕಿಲೋಜೂಲ್, 20 ಮಿ.ಲೀ. ಆದರೆ ಒಂದು ಕಿಲೋಮೀಟರಿಗೆ 200 ಸೆಕೆಂಡು, ಅದಕ್ಕೆ 39 ಮಿ.ಲೀ. ಒಟ್ಟು 59. ಲೀಟರಿಗೆ 17 ಕಿ.ಮೀ.

ಅದೇ ದಟ್ಟಣೆ, ಎಸಿ ಹಾಕಿಕೊಂಡು: ಕಂಪ್ರೆಸರ್ ಸರಾಸರಿ 1 ಕಿಲೋವ್ಯಾಟ್ ಎಳೆದರೂ 200 ಸೆಕೆಂಡಿಗೆ 200 ಕಿಲೋಜೂಲ್. ಮತ್ತೆ 20 ಮಿ.ಲೀ. ಒಟ್ಟು 79. ಲೀಟರಿಗೆ 12.7 ಕಿ.ಮೀ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ದಟ್ಟಣೆಯಲ್ಲಿ ಕಾರನ್ನು ದೂಡಲು ಬೇಕಾಗುವ ಶಕ್ತಿ ಹೆಚ್ಚೇನೂ ಬದಲಾಗಿಲ್ಲ. ಹೆಚ್ಚಾದದ್ದು ನಿಮಿಷಗಳು. ಊರಿನೊಳಗೆ ನಾವು ಹಣ ಕೊಡುವುದು ಹೊತ್ತಿಗೆ, ಹೆದ್ದಾರಿಯಲ್ಲಿ ವೇಗಕ್ಕೆ. ಗಂಟೆಗೆ 80ರಲ್ಲಿ ಓಡುವ ಕಾರಿಗೆ ಅದೇ ಎಸಿಯ ಪಾಲು ಕಿಲೋಮೀಟರಿಗೆ ಕೇವಲ 45 ಕಿಲೋಜೂಲ್. ಇನ್ನು ಇ10ರಿಂದ ಇ20ಕ್ಕೆ ಹೋದರೆ 12.7 ಇದ್ದದ್ದು 12.3 ಆಗುತ್ತದೆ. ಏಪ್ರಿಲ್‌ನಲ್ಲಿ ಎಸಿ ಹಾಕಲು ಶುರುಮಾಡಿದವರಿಗೆ 17 ಹೋಗಿ 12.7 ಬರುತ್ತದೆ. ಬಂಕಿನ ಬೋರ್ಡು ಬದಲಾದದ್ದೂ ಬಿಸಿಲು ಶುರುವಾದದ್ದೂ ಒಂದೇ ತಿಂಗಳಲ್ಲಾದರೆ ಬೈಗುಳ ಬೋರ್ಡಿಗೇ ಬೀಳುವುದು ಸಹಜ.

ಗೆರೆಯನ್ನು ಓದುವ ಮಾದರಿಗಳು

ಮೇಲಿನದು ಕೈಲೆಕ್ಕ. ಸಂಶೋಧಕರು ಇದನ್ನೇ ಪ್ರತಿ ಸೆಕೆಂಡಿಗೆ ಮಾಡುತ್ತಾರೆ. ಅಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಅಳತೆ ವಿಎಸ್‌ಪಿ, ಅಂದರೆ ವಾಹನದ ಪ್ರತಿ ಟನ್ ತೂಕಕ್ಕೆ ಆ ಕ್ಷಣದಲ್ಲಿ ಬೇಕಾದ ಕಿಲೋವ್ಯಾಟ್. 1999ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹಿಮೆನೆಜ್ ಪಲಾಸಿಯೋಸ್ ಮಂಡಿಸಿದ ಪ್ರಬಂಧದಿಂದ ಇದು ಬಳಕೆಗೆ ಬಂತು. ಸಾಮಾನ್ಯ ಕಾರಿಗೆ ಅದರ ಸೂತ್ರ ಇದು:

ವಿಎಸ್‌ಪಿ = ವೇಗ × (1.1 × ವೇಗೋತ್ಕರ್ಷ + 9.81 × ಏರು + 0.132) + 0.000302 × ವೇಗದ ಘನ

ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಹಾಕಬೇಕು. ಗಂಟೆಗೆ 36 ಕಿ.ಮೀ. ಎಂದರೆ 10. ಸಮತಟ್ಟಿನಲ್ಲಿ ಅದೇ ವೇಗದಲ್ಲಿ ಹೋದರೆ ಉತ್ತರ ಟನ್ನಿಗೆ 1.6 ಕಿಲೋವ್ಯಾಟ್. ಪ್ರತಿ ಸೆಕೆಂಡೂ ಈ ವೇಗವನ್ನು ಸೆಕೆಂಡಿಗೆ 1 ಮೀಟರ್‌ನಂತೆ ಏರಿಸಿದರೆ 12.6. ಎರಡರಂತೆ ಏರಿಸಿದರೆ 23.6. ಶೇ 4ರ ಏರು ಸಿಕ್ಕರೆ ಇವಕ್ಕೆಲ್ಲ ಸುಮಾರು 4 ಸೇರುತ್ತದೆ. ಬಲಗಾಲು ಅರ್ಧ ಅಂಗುಲ ಒತ್ತುವುದರಲ್ಲಿ ಎಂಟರಷ್ಟು, ಹದಿನೈದರಷ್ಟು ವ್ಯತ್ಯಾಸ.

ಅಮೆರಿಕದ ಪರಿಸರ ಸಂಸ್ಥೆಯ ಮೂವ್ಸ್ ಮಾದರಿ ಪ್ರತಿ ಸೆಕೆಂಡನ್ನೂ ಇಂಥ ಶಕ್ತಿ ಮತ್ತು ವೇಗದ ಆಧಾರದಲ್ಲಿ 23 ಖಾನೆಗಳಿಗೆ ಹಂಚಿ, ಪ್ರತಿ ಖಾನೆಗೂ ಇಷ್ಟು ಇಂಧನ, ಇಷ್ಟು ಹೊಗೆ ಎಂದು ಕೂಡಿಸುತ್ತದೆ. ಯುರೋಪಿನಲ್ಲಿ ಬಳಕೆಯಲ್ಲಿರುವ ಕಾಪರ್ಟ್ ಮಾದರಿಗೆ ಇಷ್ಟು ವಿವರ ಬೇಡ, ಸರಾಸರಿ ವೇಗ ಸಾಕು. ಇಡೀ ರಾಜ್ಯದ ವರ್ಷದ ಲೆಕ್ಕಕ್ಕೆ ಅದು ಒಳ್ಳೆಯದು. ಒಂದು ಜಂಕ್ಷನ್ನಿನ ಸಿಗ್ನಲ್ ಸಮಯ ಬದಲಿಸಿದರೆ ಏನಾಗುತ್ತದೆ ಎಂದು ಕೇಳಿದರೆ ಅದು ತಡವರಿಸುತ್ತದೆ. ಒಂದೇ ಸಿಗ್ನಲ್‌ನಲ್ಲಿ ಎರಡು ನಿಮಿಷ ನಿಂತರೂ, ನಾಲ್ಕು ಕಡೆ ಅರ್ಧರ್ಧ ನಿಮಿಷ ನಿಂತರೂ ಸರಾಸರಿ ವೇಗ ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದರಲ್ಲಿ ಕಾರು ಮೂರು ಸಲ ಹೆಚ್ಚಾಗಿ 50ಕ್ಕೆ ಏಳಬೇಕು, ಸುಮಾರು 30 ಮಿ.ಲೀ. ಹೆಚ್ಚು. ಸರಾಸರಿಯ ಕಣ್ಣಿಗೆ ಇದು ಬೀಳುವುದೇ ಇಲ್ಲ.

ಸೂತ್ರದಲ್ಲಿರುವ ಅಂಕಿಗಳನ್ನು ಹಾಗೇ ಎತ್ತಿ ನಮ್ಮ ರಸ್ತೆಗೆ ಹಾಕುವುದು ದೊಡ್ಡ ತಪ್ಪು. 0.132 ಮತ್ತು 0.000302 ಅಮೆರಿಕದ ಕಾರುಗಳಿಂದ ಬಂದವು. ಸವಾರನೂ ಸೇರಿ 180 ಕೆ.ಜಿ. ಇರುವ ಸ್ಕೂಟರಿಗೆ ಗಾಳಿಯ ಗುಣಾಂಕ ಇದರ ಐದರಷ್ಟಾಗುತ್ತದೆ. ತೂಕ ಕಡಿಮೆ, ಗಾಳಿಗೆ ಒಡ್ಡುವ ಮೈ ಮಾತ್ರ ಅಷ್ಟೇನೂ ಕಡಿಮೆ ಅಲ್ಲ. ದ್ವಿಚಕ್ರಗಳೇ ಹೆಚ್ಚಿರುವ ಊರಿನಲ್ಲಿ ಈ ತಿದ್ದುಪಡಿ ಮಾಡದೆ ಬರೆದ ವರದಿಯನ್ನು ನಂಬುವ ಹಾಗಿಲ್ಲ.

ಇನ್ನೊಂದು ನಂಬಿಕೆಯೂ ಈ ಲೆಕ್ಕದಲ್ಲಿ ಸಡಿಲವಾಗುತ್ತದೆ. ನಿಧಾನವಾಗಿ ವೇಗ ಏರಿಸಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುತ್ತಾರೆ. 50ಕ್ಕೆ ಏರಲು ಬೇಕಾದ 106 ಕಿಲೋಜೂಲ್ ನಿಧಾನಕ್ಕೆ ಏರಿದರೂ ಅಷ್ಟೇ, ಬೇಗ ಏರಿದರೂ ಅಷ್ಟೇ. ಹದವಾದ ಭಾರದಲ್ಲಿ ಎಂಜಿನ್ನಿನ ದಕ್ಷತೆ ತುಸು ಹೆಚ್ಚೇ ಇರುತ್ತದೆ. ನಷ್ಟ ಆಗುವುದು ಬ್ರೇಕ್ ಒತ್ತಿದಾಗ. ಮುಂದಿನ ಕೆಂಪು ದೀಪ ಕಾಣುತ್ತಿದ್ದರೂ 60ಕ್ಕೆ ಏರಿಸಿ ನಿಲ್ಲಿಸುವವನು ಕಳೆದುಕೊಳ್ಳುತ್ತಾನೆ. ದೀಪ ಕಂಡೊಡನೆ ಗೇರಿನಲ್ಲೇ ಕಾಲು ತೆಗೆಯುವವನು ಉಳಿಸುತ್ತಾನೆ, ಏಕೆಂದರೆ ಆಗ ಇಂಜೆಕ್ಟರ್ ಪೂರ್ತಿ ಮುಚ್ಚಿ ಇಂಧನ ಸೊನ್ನೆಯಾಗುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಗಂಟೆಗೆ 0.7 ಲೀಟರಿನ ಖರ್ಚು ಮತ್ತೆ ಶುರು. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುವುದು ಅಪಾಯವಷ್ಟೇ ಅಲ್ಲ, ನಷ್ಟವೂ ಹೌದು. ಈ ಇಂಧನ ಕಡಿತವನ್ನು ಮರೆತು ಇಳಿಜಾರಿನ ಸೆಕೆಂಡುಗಳಿಗೂ ಐಡಲ್ ದರ ಹಾಕಿದ ಮಾದರಿ ಘಟ್ಟದ ರಸ್ತೆಯಲ್ಲಿ ಖಂಡಿತ ತಪ್ಪುತ್ತದೆ.

ಹೊಗೆಯ ಲೆಕ್ಕ ಬೇರೆ

ಇಂಗಾಲದ ಡೈಆಕ್ಸೈಡ್ ಮಟ್ಟಿಗೆ ಕೆಲಸ ಸುಲಭ. ಲೀಟರ್ ಪೆಟ್ರೋಲ್ ಉರಿದರೆ 2.3 ಕೆ.ಜಿ., ಲೀಟರ್ ಡೀಸೆಲ್ ಉರಿದರೆ ಸುಮಾರು 2.7. ಇಂಧನ ಗೊತ್ತಾದರೆ ಇದೂ ಗೊತ್ತಾಯಿತು.

ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಆಕ್ಸೈಡ್‌ಗಳು, ಉರಿಯದ ಹೈಡ್ರೋಕಾರ್ಬನ್‌ಗಳು ಹಾಗಲ್ಲ. ಅವು ಕೆಲವೇ ಸೆಕೆಂಡುಗಳಲ್ಲಿ ಗುಂಪಾಗಿ ಹೊರಬೀಳುತ್ತವೆ. ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡುವುದು ಸುಮಾರು 250–300 ಡಿಗ್ರಿ ಬಿಸಿಯಾದ ಮೇಲೆ. ಬೆಳಗ್ಗೆ ತಣ್ಣಗಿನ ಎಂಜಿನ್ ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷ ಹೊಗೆ ಶುದ್ಧವಾಗದೆ ಹೋಗುತ್ತದೆ. ಮಗುವನ್ನು ಶಾಲೆಗೆ ಬಿಡಲು 2 ಕಿ.ಮೀ. ಹೋಗಿ ಬರುವ ಕಾರಿನ ಮಟ್ಟಿಗೆ ಪ್ರಯಾಣದ ದೊಡ್ಡದೊಂದು ಪಾಲು ಇದೇ. ಎಕ್ಸಲರೇಟರ್ ಪೂರ್ತಿ ಒತ್ತಿದಾಗ ಎಂಜಿನ್ ತನ್ನನ್ನು ತಂಪಾಗಿಡಲು ಹೆಚ್ಚು ಪೆಟ್ರೋಲ್ ಸುರಿಯುವುದುಂಟು. ಆಗ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹಾರುತ್ತದೆ. ಇಂಧನ ಕಡಿತದ ಹೊತ್ತಿನಲ್ಲಿ ಕನ್ವರ್ಟರ್ ತುಂಬ ಗಾಳಿಯ ಆಮ್ಲಜನಕ ತುಂಬಿಕೊಂಡಿರುತ್ತದೆ. ಮತ್ತೆ ಕಾಲು ಒತ್ತಿದ ಕ್ಷಣ ನೈಟ್ರೋಜನ್ ಆಕ್ಸೈಡ್ ಜಿಗಿಯುತ್ತದೆ. ಹಾಗಾಗಿ ಪೆಟ್ರೋಲ್ ಉಳಿಸುವ ಚಾಲನೆಯೇ ಹೊಗೆಯನ್ನೂ ಅಷ್ಟೇ ಪ್ರಮಾಣದಲ್ಲಿ ಇಳಿಸುತ್ತದೆ ಎನ್ನಲಾಗದು.

ಪ್ರಯೋಗಾಲಯದ ಗೆರೆಯನ್ನು ಮಾತ್ರ ನಂಬಿದರೆ ಏನಾಗುತ್ತದೆ ಎಂಬುದು 2015ರ ಸೆಪ್ಟೆಂಬರ್‌ನಲ್ಲಿ ಜಗತ್ತಿಗೆ ತಿಳಿಯಿತು. ಫೋಕ್ಸ್‌ವ್ಯಾಗನ್ನಿನ ಡೀಸೆಲ್ ಕಾರುಗಳು ತಾವು ಪರೀಕ್ಷೆಯ ರೋಲರ್ ಮೇಲಿದ್ದೇವೆ ಎಂದು ಗುರುತಿಸಿ ಅಲ್ಲಿ ಮಾತ್ರ ಶುದ್ಧವಾಗಿ ಓಡುತ್ತಿದ್ದವು. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಕಾರಿನ ಹಿಂದೆ ಅಳತೆಯ ಉಪಕರಣ ಕಟ್ಟಿ ನಿಜವಾದ ರಸ್ತೆಯಲ್ಲಿ ಓಡಿಸಿದಾಗ ಒಂದು ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿಯ 15ರಿಂದ 35 ಪಟ್ಟು ಬಂದಿತ್ತು. ಭಾರತದಲ್ಲಿ 2023ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮದ ಎರಡನೇ ಹಂತದಲ್ಲಿ ರಸ್ತೆ ಪರೀಕ್ಷೆ ಕಡ್ಡಾಯವಾದದ್ದರ ಹಿನ್ನೆಲೆ ಇದು.

ಫೋನಿನ ಆ್ಯಪ್ ಎಲ್ಲಿ ಮೋಸ ಹೋಗುತ್ತದೆ

ಈಗ ಕಾರಿನ ಓಬಿಡಿ ಸಾಕೆಟ್ಟಿಗೆ (ಎಂಜಿನ್ನಿನ ಮಾಹಿತಿ ಹೊರತೆಗೆಯುವ ಕಿಂಡಿಗೆ) ಸಣ್ಣ ಬ್ಲೂಟೂತ್ ಅಡಾಪ್ಟರ್ ಚುಚ್ಚಿ ಯಾರು ಬೇಕಾದರೂ ವೇಗ, ಆರ್‌ಪಿಎಂ, ಗಾಳಿಯ ಹರಿವು ದಾಖಲಿಸಬಹುದು. ಇ20 ಚರ್ಚೆಯಲ್ಲಿ ಇಂಥ ಗ್ರಾಫ್‌ಗಳು ಸಾಕ್ಷಿಯಾಗಿ ಬಂದಿವೆ. ಅವುಗಳಲ್ಲಿ ಅಡಗಿರುವ ಒಂದು ದೋಷ ಇದೇ ಜಗಳಕ್ಕೆ ನೇರ ಸಂಬಂಧಿಸಿದ್ದು.

ಹಲವು ಆ್ಯಪ್‌ಗಳು ಇಂಧನವನ್ನು ನೇರ ಅಳೆಯುವುದಿಲ್ಲ. ಎಂಜಿನ್ ಎಳೆದುಕೊಂಡ ಗಾಳಿಯ ತೂಕವನ್ನು 14.7ರಿಂದ ಭಾಗಿಸುತ್ತವೆ, ಏಕೆಂದರೆ ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಎಥೆನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಅದಕ್ಕೆ 9 ಸಾಕು. ಇ20ಕ್ಕೆ ಸರಿಯಾದ ಅಂಕಿ 13.5. ಆ್ಯಪ್‌ನಲ್ಲಿ 14.7 ಹಾಗೇ ಉಳಿದಿದ್ದರೆ ಅದು ನಿಜಕ್ಕಿಂತ ಶೇ 7–8 ಕಡಿಮೆ ಇಂಧನ ತೋರಿಸುತ್ತದೆ. ಇ20 ಹಾಕಿದ ಮೇಲೂ ಮೈಲೇಜ್ ಇಳಿದೇ ಇಲ್ಲ ಎಂದು ಅಂಥ ಆ್ಯಪ್ ಹೇಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಇಳಿಕೆಯನ್ನು ಕಾಣದ ಹಾಗೆ ಅದರ ಲೆಕ್ಕವೇ ಕೂತಿದೆ.

ಉಳಿದ ತೊಡಕುಗಳು ಚಿಕ್ಕವು, ಆದರೆ ಸೇರಿದರೆ ದೊಡ್ಡವು. ಓಬಿಡಿ ವೇಗವನ್ನು ಪೂರ್ಣಾಂಕದಲ್ಲೇ ಕೊಡುತ್ತದೆ. 31 ಇದ್ದದ್ದು 32 ಆದರೆ ಸೆಕೆಂಡಿಗೆ 0.28 ಮೀಟರಿನ ವೇಗೋತ್ಕರ್ಷ ಎಂದು ಕಾಣುತ್ತದೆ, ನಿಜದಲ್ಲಿ ಕಾರು ಹೆಚ್ಚುಕಡಿಮೆ ಒಂದೇ ವೇಗದಲ್ಲಿದ್ದರೂ. ಅದಕ್ಕೇ ಗೆರೆಯನ್ನು ಮೊದಲು ಮೂರರಿಂದ ಐದು ಸೆಕೆಂಡಿನ ಕಿಟಕಿಯಲ್ಲಿ ನಯ ಮಾಡಬೇಕು. ಹತ್ತು ಸೆಕೆಂಡು ಮಾಡಿದರೆ ನಿಜವಾದ ಜಿಗಿತಗಳೂ ಅಳಿಸಿಹೋಗುತ್ತವೆ. ಜಿಪಿಎಸ್ ಎತ್ತರ ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಆಡುವುದರಿಂದ ಇಳಿಜಾರು ಲೆಕ್ಕಕ್ಕೆ ಅದು ಬೇಡ. ಉಪಗ್ರಹದ ಭೂಪಟ ಬಳಸಿದರೆ ಫ್ಲೈಓವರ್ ಮೇಲಿನ ಕಾರು ಕೆಳಗಿನ ನೆಲದ ಮೇಲೆ ಓಡಿದಂತೆ ಬರುತ್ತದೆ. ಮೆಟ್ರೊ ಕಂಬಗಳ ಕೆಳಗೆ ಸಿಗ್ನಲ್ ತಪ್ಪಿ ಮತ್ತೆ ಸಿಕ್ಕಾಗ ಕಾರು ಒಂದೇ ಸೆಕೆಂಡಿನಲ್ಲಿ 40 ಮೀಟರ್ ಹಾರಿರುತ್ತದೆ.

ಯಂತ್ರ ಕಲಿಕೆಯ ಮಾದರಿಗಳಲ್ಲಿ ಮತ್ತೊಂದು ಹಳ್ಳ ಇದೆ. ಸೆಕೆಂಡಿನ ದತ್ತಾಂಶವನ್ನು ಕಲಸಿ, ಐದರಲ್ಲೊಂದು ಪಾಲನ್ನು ಪರೀಕ್ಷೆಗೆಂದು ಬೇರೆ ಇಟ್ಟರೆ ನಿಖರತೆ ಅದ್ಭುತವಾಗಿ ಕಾಣುತ್ತದೆ. ಆದರೆ 101ನೇ ಸೆಕೆಂಡು ಕಲಿಕೆಯಲ್ಲಿದ್ದು 102ನೆಯದು ಪರೀಕ್ಷೆಯಲ್ಲಿದ್ದರೆ ಅದು ಪ್ರಶ್ನೆಪತ್ರಿಕೆ ಸೋರಿಕೆಯೇ ಸರಿ. ಇಡೀ ಪ್ರಯಾಣಗಳನ್ನು, ಸಾಧ್ಯವಾದರೆ ಇಡೀ ಚಾಲಕರನ್ನು ಬೇರೆ ಇಟ್ಟು ಪರೀಕ್ಷಿಸಬೇಕು.

ಶೇ 3 ಹಿಡಿಯಲು ಎಷ್ಟು ಟ್ಯಾಂಕ್ ಬೇಕು?

ಫುಲ್ ಟ್ಯಾಂಕ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸುವ ಹಳೆಯ ವಿಧಾನ ತಪ್ಪೇನಲ್ಲ. ಗನ್ ಕಟ್ಟಾಗುವ ಜಾಗ ಅರ್ಧ ಲೀಟರ್ ಆಚೀಚೆ ಆದರೂ 30 ಲೀಟರಿಗೆ ಶೇ 1.5ಕ್ಕಿಂತ ಹೆಚ್ಚು ತಪ್ಪು. ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ಗಾತ್ರ ಸುಮಾರು ಶೇ 1 ಹಿಗ್ಗುತ್ತದೆ. ಇವೆಲ್ಲದರ ಮೇಲೆ ದಟ್ಟಣೆ, ಎಸಿ, ಊರಿಗೆ ಹೋದ ವಾರಾಂತ್ಯ.

ಟ್ಯಾಂಕಿನಿಂದ ಟ್ಯಾಂಕಿಗೆ ಮೈಲೇಜಿನ ಏರಿಳಿತ ಶೇ 6 ಇದೆ ಎಂದುಕೊಳ್ಳಿ. ನಗರದಲ್ಲಿ ಅದು ಹೆಚ್ಚಲ್ಲ. ಅದರಲ್ಲಿ ಶೇ 3ರ ನಿಜವಾದ ಇಳಿಕೆಯನ್ನು ಹತ್ತರಲ್ಲಿ ಎಂಟು ಸಲವಾದರೂ ಹಿಡಿಯಬೇಕೆಂದರೆ ಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕದಂತೆ ಹಳೆಯ ಇಂಧನದ 63 ಟ್ಯಾಂಕ್, ಹೊಸ ಇಂಧನದ 63 ಟ್ಯಾಂಕ್ ಬೇಕು. ಹದಿನೈದು ದಿನಕ್ಕೊಮ್ಮೆ ತುಂಬಿಸುವವರಿಗೆ ಒಂದೊಂದಕ್ಕೂ ಎರಡೂವರೆ ವರ್ಷ. ಎರಡು ಟ್ಯಾಂಕ್ ನೋಡಿ ತೀರ್ಪು ಕೊಟ್ಟ ವಿಡಿಯೊಗಳು ಇ20 ಪರ ಇದ್ದರೂ ವಿರುದ್ಧ ಇದ್ದರೂ ಏನನ್ನೂ ಸಾಧಿಸಿಲ್ಲ.

ಚಾಲನೆಯ ಮಾದರಿ ಇಲ್ಲಿಯೇ ಉಪಯೋಗಕ್ಕೆ ಬರುವುದು. ಪ್ರತಿ ಟ್ಯಾಂಕಿಗೂ ಮೂರು ಮೊತ್ತಗಳನ್ನು ಕೂಡಿಸಿಟ್ಟುಕೊಳ್ಳಬೇಕು: ವೇಗದ ಗೆರೆಯಿಂದ ಬಂದ, ಚಕ್ರಕ್ಕೆ ಬೇಕಾದ ಒಟ್ಟು ಮೆಗಾಜೂಲ್ (ಬ್ರೇಕ್ ಒತ್ತಿ ಲೆಕ್ಕ ಸೊನ್ನೆಗಿಂತ ಕೆಳಗಿಳಿದ ಸೆಕೆಂಡುಗಳನ್ನು ಸೊನ್ನೆ ಎಂದೇ ಹಿಡಿದು), ಎಂಜಿನ್ ಚಾಲೂ ಇದ್ದ ಗಂಟೆಗಳು, ಎಸಿ ಇದ್ದ ಗಂಟೆಗಳು. ಬಂಕಿನಲ್ಲಿ ತುಂಬಿಸಿದ ಲೀಟರನ್ನು ಈ ಮೂರರ ಮೇಲೆ ಸರಳ ರಿಗ್ರೆಶನ್ನಿಗೆ (ಯಾವುದರ ಪಾಲು ಎಷ್ಟು ಎಂದು ಬಿಡಿಸುವ ಸಂಖ್ಯಾಶಾಸ್ತ್ರದ ವಿಧಾನಕ್ಕೆ) ಹಾಕಿದರೆ ಮೂರು ಗುಣಾಂಕ ಸಿಗುತ್ತವೆ. ಮೊದಲನೆಯದು ಮೆಗಾಜೂಲಿಗೆ 0.08ರಿಂದ 0.13 ಲೀಟರ್, ಎರಡನೆಯದು ಗಂಟೆಗೆ 0.6ರಿಂದ 0.9 ಲೀಟರಿನ ಸುತ್ತ ಇರಬೇಕು. ಎರಡನೆಯದು ಋಣವಾಗಿ ಬಂದರೆ ಕಾರಿನಲ್ಲಲ್ಲ, ದತ್ತಾಂಶದಲ್ಲಿ ತೊಂದರೆ. ಇವು ವಿವರಿಸದೆ ಉಳಿದ ಏರಿಳಿತ ಶೇ 2ಕ್ಕೆ ಇಳಿದರೆ ಮೇಲಿನ 63ರ ಜಾಗದಲ್ಲಿ 7 ಟ್ಯಾಂಕ್ ಸಾಕು.

ಮಾದರಿಗೆ ಬೇಕಾದ ಕಾರಿನ ತಡೆಯನ್ನು ಕೈಪಿಡಿಯಿಂದ ಊಹಿಸುವುದಕ್ಕಿಂತ ಅಳೆಯುವುದೇ ಮೇಲು. ಗಾಳಿಯಿಲ್ಲದ ಹೊತ್ತಿನಲ್ಲಿ, ಖಾಲಿಯಾದ ಸಮತಟ್ಟು ರಸ್ತೆಯಲ್ಲಿ ಕಾರನ್ನು 60ಕ್ಕೆ ತಂದು ನ್ಯೂಟ್ರಲ್ ಮಾಡಿ, 55ರಿಂದ 45ಕ್ಕೆ ಇಳಿಯಲು ಹಿಡಿದ ಸೆಕೆಂಡು ಎಣಿಸುತ್ತಾರೆ. ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆಯುವುದರಿಂದ ಕಾಣದ ಇಳಿಜಾರು ವಜಾ ಆಗುತ್ತದೆ. ನಮ್ಮ ಹ್ಯಾಚ್‌ಬ್ಯಾಕ್‌ಗೆ ಇದು 15–16 ಸೆಕೆಂಡು. ಟೈರಿನ ಗಾಳಿ ಇಳಿದು ಉರುಳು ಘರ್ಷಣೆ ಐದರಲ್ಲೊಂದು ಪಾಲು ಹೆಚ್ಚಿದರೆ 14ಕ್ಕೆ ಬರುತ್ತದೆ.

ಯಾರ ವಾದ ಎಷ್ಟು ಗಟ್ಟಿ

ಸರ್ಕಾರದ ವಾದದಲ್ಲಿ ಭೌತಶಾಸ್ತ್ರ ಸರಿಯಿದೆ. ಚಾಲನೆಯಿಂದಾಗುವ ವ್ಯತ್ಯಾಸ ಎಥೆನಾಲ್‌ನದಕ್ಕಿಂತ ಹಲವು ಪಟ್ಟು ದೊಡ್ಡದು. ಆದರೆ ದೊಡ್ಡ ಕಾರಣ ಇದೆ ಎಂಬುದು ಚಿಕ್ಕ ಕಾರಣವನ್ನು ಇಲ್ಲವಾಗಿಸುವುದಿಲ್ಲ. ಚಾಲನೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಎಥೆನಾಲ್ ಪ್ರತಿ ಲೀಟರಿನಲ್ಲೂ ಕಡಿಮೆಯೇ. ಲೀಟರಿನ ಬೆಲೆ ಅಷ್ಟೇ ಇದ್ದು ಶಕ್ತಿ ಶೇ 3.5 ಇಳಿದರೆ ಗ್ರಾಹಕ ಕೇಳುವ ಪ್ರಶ್ನೆ ನ್ಯಾಯವಾದದ್ದೇ.

ವಾಹನ ಮಾಲೀಕರ ಅನುಭವ ನಿಜ, ತೀರ್ಮಾನ ಅವಸರದ್ದು. ತಯಾರಕರದು ಅನುಕೂಲಕರ ಮೌನ: ನಿಯಮ ಹೇಳಿದ ಪರೀಕ್ಷೆಯಲ್ಲಿ ಬಂದ ಅಂಕಿಯನ್ನು ಜಾಹೀರಾತಿನಲ್ಲಿ ಹಾಕಿದ್ದೇವೆ, ಅಷ್ಟೇ. ಹಾಗಾದರೆ ಆ ಪರೀಕ್ಷೆ ಏನೆಂದು ನೋಡಬೇಕು.

2027ರ ಲೇಬಲ್ ಏನು ಬದಲಿಸುತ್ತದೆ

ಎಂಐಡಿಸಿ ಎಂಬುದು ಯುರೋಪಿನ ಹಳೆಯ ಪರೀಕ್ಷಾ ಚಕ್ರವನ್ನು (ಯಾವ ಸೆಕೆಂಡಿಗೆ ಯಾವ ವೇಗ ಎಂಬ ನಿಗದಿತ ಗೆರೆಯನ್ನು) ನಮ್ಮ ರಸ್ತೆಗೆಂದು ಗರಿಷ್ಠ 90 ಕಿ.ಮೀ.ಗೆ ತಗ್ಗಿಸಿದ ರೂಪ. 1,180 ಸೆಕೆಂಡು, ಹತ್ತೂವರೆ ಕಿ.ಮೀ.ಗೆ ತುಸು ಹೆಚ್ಚು, ಸರಾಸರಿ ವೇಗ 32. ಇದರಲ್ಲಿ ವೇಗದ ಗೆರೆ ಸ್ಕೇಲ್ ಇಟ್ಟು ಎಳೆದಂತಿದೆ: 50ಕ್ಕೆ ಏರಲು 26 ಸೆಕೆಂಡು, ಅಲ್ಲಿ ಸ್ವಲ್ಪ ಹೊತ್ತು, ಮತ್ತೆ ಇಳಿ. ಎಸಿ ಆಫ್. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ 26 ಸೆಕೆಂಡು ತೆಗೆದುಕೊಂಡು 50ಕ್ಕೆ ಏರುವವನ ಹಿಂದೆ ಎಷ್ಟು ಹಾರ್ನ್ ಮೊಳಗುತ್ತವೆ ಎಂಬುದು ಊಹೆಗೆ ಬಿಟ್ಟದ್ದು.

ಡಬ್ಲ್ಯುಎಲ್‌ಟಿಪಿಯ ಪೂರ್ಣ ಚಕ್ರ 1,800 ಸೆಕೆಂಡು, 23 ಕಿ.ಮೀ., ಗರಿಷ್ಠ 131, ಸರಾಸರಿ 46.5. ವೇಗೋತ್ಕರ್ಷ ಹೆಚ್ಚು ಸಹಜ, ಗೆರೆ ನಿಜವಾದ ಪ್ರಯಾಣಗಳಿಂದ ಹೊಲಿದದ್ದು. ಕಾಗದದ ಮೈಲೇಜ್ ಇದರಿಂದ ನಿಜಕ್ಕೆ ಹತ್ತಿರ ಬರುತ್ತದೆ. ಮೊದಲ ವರ್ಷ ಶೋರೂಮಿನಲ್ಲಿ ಹಳೆಯ ಅಂಕಿಯ ಕಾರೂ ಹೊಸ ಅಂಕಿಯ ಕಾರೂ ಪಕ್ಕಪಕ್ಕ ನಿಂತರೆ, ಹೊಸದು ಕಡಿಮೆ ಮೈಲೇಜಿನದೆಂದು ಜನ ತಿಳಿಯುವ ಸಾಧ್ಯತೆಯೂ ಇದೆ.

ಆದರೆ ಸರಾಸರಿ 46 ಎಂಬುದು ಬೆಂಗಳೂರಿನ ಊರೊಳಗಿನ ವೇಗವಲ್ಲ. ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ 2024ರಲ್ಲಿ ಇಲ್ಲಿ 10 ಕಿ.ಮೀ. ದಾಟಲು ಸರಾಸರಿ 34 ನಿಮಿಷ ಬೇಕಾಗಿತ್ತು, ಅಂದರೆ ಗಂಟೆಗೆ 17.6 ಕಿ.ಮೀ. ಡಬ್ಲ್ಯುಎಲ್‌ಟಿಪಿಯ ಗೆರೆ ನಾಲ್ಕು ಹಂತಗಳಾಗಿ ಒಡೆದಿದೆ, ಮೊದಲ ನಿಧಾನ ಹಂತದ ಸರಾಸರಿ 18.9. ಬೆಂಗಳೂರಿಗೆ ಬೇಕಾದ ಅಂಕಿ ಹೊಸ ಪರೀಕ್ಷೆಯೊಳಗೇ ಸಿದ್ಧವಾಗಿ ಕೂತಿದೆ. ಯುರೋಪಿನಲ್ಲಿ ಹಂತವಾರು ಅಂಕಿಗಳನ್ನೂ ದಾಖಲೆಯಲ್ಲಿ ಕೊಡುತ್ತಾರೆ. ಇಲ್ಲಿ ಒಟ್ಟು ಸರಾಸರಿಯೊಂದನ್ನೇ ಲೇಬಲ್ಲಿಗೆ ಹಾಕಿದರೆ ಪರೀಕ್ಷೆ ಬದಲಿಸಿದ ಅರ್ಧ ಪ್ರಯೋಜನ ಕೈತಪ್ಪುತ್ತದೆ. ಹಂತವಾರು ಅಂಕಿ ಸಿಕ್ಕರೆ ಹೆಬ್ಬಾಳದವರು ಮೊದಲನೆಯದನ್ನೂ ಚಿತ್ರದುರ್ಗ–ಹುಬ್ಬಳ್ಳಿ ಓಡಾಡುವವರು ಮೂರನೆಯದನ್ನೂ ನೋಡಿ ಕಾರು ಆರಿಸಬಹುದು.

ಇದೇ ಲೆಕ್ಕ ಬಸ್ ಡಿಪೊಗಳಿಗೂ ತಲುಪಬೇಕು. ಸಾರಿಗೆ ನಿಗಮಗಳು ಚಾಲಕರನ್ನು ಕೆಎಂಪಿಎಲ್‌ನಿಂದ, ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದರಿಂದ ಅಳೆಯುತ್ತವೆ. 16 ಟನ್ನಿನ ಬಸ್ಸು 700 ಮೀಟರ್ ಘಾಟಿ ಏರಲು 110 ಮೆಗಾಜೂಲ್ ಬೇಕು. ಎಂಜಿನ್ ದಕ್ಷತೆ ಶೇ 38 ಎಂದು ಹಿಡಿದರೆ ಏರಿಗೆಂದೇ 8 ಲೀಟರ್ ಡೀಸೆಲ್. ಶಿರಾಡಿ ಹತ್ತುವ ಚಾಲಕನನ್ನೂ ದಾವಣಗೆರೆಯ ಬಯಲಿನಲ್ಲಿ ಓಡಿಸುವವನನ್ನೂ ಒಂದೇ ಅಂಕಿಯಿಂದ ತೂಗಿದರೆ ಅಳತೆಯಾಗುವುದು ಚಾಲಕನಲ್ಲ, ಘಟ್ಟ. ಮಾರ್ಗದ ಏರಿಳಿತ, ನಿಲುಗಡೆಗಳ ಸಂಖ್ಯೆ, ಪ್ರಯಾಣಿಕರ ಭಾರ ಇವನ್ನು ಮೊದಲು ಕಳೆದು, ಉಳಿದ ಶೇ 5–10ರಲ್ಲಿ ಚಾಲಕನ ಪಾಲು ಹುಡುಕಬೇಕು. ಚಾಲನೆಯ ರೀತಿ ನೋಡಿ ಪ್ರೀಮಿಯಂ ನಿಗದಿಪಡಿಸುವ ವಿಮೆಗೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ 2022ರಲ್ಲೇ ಅವಕಾಶ ಕೊಟ್ಟಿದೆ; ಅಲ್ಲಿಯೂ ಗಟ್ಟಿ ಬ್ರೇಕುಗಳನ್ನು ಎಣಿಸುವಾಗ ರಸ್ತೆಯ ಗುಂಡಿಯನ್ನು, ಅಡ್ಡ ಬಂದ ಆಟೊವನ್ನು ಯಾರ ಖಾತೆಗೆ ಬರೆಯುತ್ತಾರೆ ಎಂಬುದೇ ಪ್ರಶ್ನೆ.